ಸಹಾಯ ಬೇಕು: ಬಿಸಿಯಾದಾಗ ಮಾತ್ರ ಸ್ಟಾರ್ಟ್ ಆಗದ ಗೂಡ್ಸ್ ವಾಹನ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯಿಂದ ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಮೆಣಸಿನಕಾಯಿ ಚೀಲ ಸಾಗಿಸುವ ನಮ್ಮ ಡೀಸೆಲ್ ಗೂಡ್ಸ್ ವಾಹನವು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಆದರೆ ಹೆದ್ದಾರಿಯಲ್ಲಿ ಓಡಿ ಬಂದು ಚೀಲ ಇಳಿಸಲು ನಿಲ್ಲಿಸಿದ ಮೇಲೆ, ವಾರದಲ್ಲಿ ಎರಡು ಮೂರು ಸಲ, ಕೀಲಿ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು ಬಂದು ಸುಮ್ಮನಾಗುತ್ತದೆ. ಅರ್ಧ ಗಂಟೆ ತಣಿದರೆ ಮತ್ತೆ ಸರಿಯಾಗಿ ಹೊರಡುತ್ತದೆ.

ಕೆಟ್ಟು ನಿಂತಾಗಲೂ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ, ಹೆಡ್‌ಲೈಟ್ ಮಂಕಾಗುವುದಿಲ್ಲ. ಟರ್ಮಿನಲ್‌ಗಳನ್ನೂ ಅರ್ಥಿಂಗ್ ವೈರನ್ನೂ ಬಿಚ್ಚಿ, ಉಜ್ಜಿ, ಬಿಗಿ ಮಾಡಿದ್ದೇನೆ. ಆದ್ದರಿಂದ ಸೊಲೆನಾಯ್ಡ್ (ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಮೋಟರಿಗೆ ಬ್ಯಾಟರಿಯ ಕರೆಂಟ್ ಹರಿಸುವ ಸ್ವಿಚ್) ಒಳಗಿನ ತಾಮ್ರದ ಕಾಂಟ್ಯಾಕ್ಟ್‌ಗಳು ಸವೆದಿರಬೇಕೆಂಬುದು ನನ್ನ ಅನುಮಾನ. ಮೆಕ್ಯಾನಿಕರು ಇಡೀ ಸ್ಟಾರ್ಟರ್ ಬದಲಿಸಲು ಹೇಳುತ್ತಾರೆ, ಅವರೆದುರು ದೋಷ ಒಮ್ಮೆಯೂ ಕಾಣಿಸಿಕೊಂಡಿಲ್ಲ.

ಸೊಲೆನಾಯ್ಡ್‌ನ ಸಣ್ಣ ವೈರಿಗೆ ಆ ಕ್ಷಣದಲ್ಲಿ ಎಷ್ಟು ವೋಲ್ಟ್ ಬಂದರೆ ರಿಲೇ ಮತ್ತು ಕೀಲಿ ಸ್ವಿಚ್ ಸರಿಯಿವೆ ಎನ್ನಬಹುದು? ಕಾಂಟ್ಯಾಕ್ಟ್‌ಗಳನ್ನಷ್ಟೇ ಬದಲಿಸಿದವರು ದಯವಿಟ್ಟು ತಿಳಿಸಿ.