ಬ್ರಿಜಿಡ್ ಶಿಲುಬೆಯ ನಡುಭಾಗ ಸಡಿಲವಾಗುವುದೇಕೆ?

ಪ್ರಶ್ನೆ:
ಐರ್ಲೆಂಡಿನಲ್ಲಿ ವಸಂತಾರಂಭದ ಇಂಬೋಲ್ಕ್ ಹಬ್ಬಕ್ಕೆ ಹೆಣೆಯುತ್ತಾರಲ್ಲ, ಆ ನಾಲ್ಕು ತೋಳಿನ ಬ್ರಿಜಿಡ್ ಶಿಲುಬೆಯ ಬಗ್ಗೆ. ಹೆಣೆದ ದಿನ ಬಿಗಿಯಾಗಿರುತ್ತದೆ, ವಾರದೊಳಗೆ ನಡುವಿನ ಚೌಕ ಸಡಿಲವಾಗಿ ಕಡ್ಡಿಗಳು ಜಾರುತ್ತವೆ. ಬಳಸಿದ್ದು ಆಗತಾನೇ ಕೊಯ್ದ ಜೊಂಡು, 16 ಕಡ್ಡಿ. ಹಾಗೆಯೇ, ಹೆಣೆಯಬೇಕಾದದ್ದು ಜನವರಿ 31ಕ್ಕೋ, ಫೆಬ್ರವರಿ 1ಕ್ಕೋ, ಸರ್ಕಾರಿ ರಜೆಯ ಸೋಮವಾರಕ್ಕೋ?

ಉತ್ತರ 1:
ತಪ್ಪು ಕೈಯದ್ದಲ್ಲ, ನೀರಿನದ್ದು. ಈ ಜೊಂಡಿನೊಳಗೆ ಬೆಂಡಿನಂಥ ಬಿಳಿ ತಿರುಳಿದೆ. ಹಸಿಯಾಗಿದ್ದಾಗ ದಪ್ಪ, ಒಣಗಿದರೆ ಸಣ್ಣ. ನೀವು ದಪ್ಪ ಕಡ್ಡಿಯ ಅಳತೆಗೆ ಬಿಗಿದಿದ್ದೀರಿ, ಅದು ಒಳಗಿಂದ ಕುಗ್ಗಿತು. ಕಿತ್ತ ಮೇಲೆ ಒಂದೆರಡು ದಿನ ನೆರಳಿನಲ್ಲಿ ಬಾಡಲು ಬಿಡಿ. ಹೆಚ್ಚು ಒಣಗಿ ಮಡಿಸುವಾಗ ಚಟ್ಟನೆ ಒಡೆದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೆತ್ತಗಾದ ಮೇಲೆ ತೆಗೆಯಿರಿ.

16 ಕಡ್ಡಿಗೆ ಚೌಕ ತೀರಾ ಚಿಕ್ಕದು, ಹಿಡಿತ ಸಾಲದು. ಮೊದಲಿನದು ಒಂದು, ಆಮೇಲೆ ಸುತ್ತಿಗೆ ನಾಲ್ಕರಂತೆ ಏಳು ಸುತ್ತು, ಒಟ್ಟು 29. ಕೆಲವು ಒಡೆಯುತ್ತವೆ, 35 ಇಟ್ಟುಕೊಳ್ಳಿ. 25ರಿಂದ 30 ಸೆಂ.ಮೀ. ಉದ್ದ, ದಪ್ಪ ಒಂದೇ ಸಮ ಇರಲಿ.

ಒಂದನ್ನು ನೆಟ್ಟಗೆ ಹಿಡಿಯಿರಿ. ಎರಡನೆಯದನ್ನು ಸರಿಯಾಗಿ ನಡುವಿಗೆ ಮಡಿಸಿ, ಮೊದಲನೆಯದರ ನಡುವನ್ನು ಅಪ್ಪಿಕೊಳ್ಳುವಂತೆ ಹಾಕಿ. ಅದರ ಎರಡೂ ತುದಿ ಬಲಕ್ಕಿರಬೇಕು. ಹೆಬ್ಬೆರಳಿನಿಂದ ಅದುಮಿಕೊಂಡು ಅಪ್ರದಕ್ಷಿಣೆಯಾಗಿ ಕಾಲು ಸುತ್ತು ತಿರುಗಿಸಿ. ಬಲಕ್ಕಿದ್ದ ತುದಿಗಳು ಈಗ ಮೇಲಕ್ಕೆ ಬಂದವು. ಮೂರನೆಯದನ್ನು ಆ ತುದಿಗಳ ಸುತ್ತ ಮಡಿಸಿ ಬಲಕ್ಕೆಳೆಯಿರಿ, ಮತ್ತೆ ತಿರುಗಿಸಿ. ಕೊನೆಯವರೆಗೂ ಇಷ್ಟೇ. ಪ್ರತಿ ಸಲವೂ ಮೇಲಕ್ಕಿರುವ ಕಡ್ಡಿಗಳನ್ನೆಲ್ಲ ಅಪ್ಪಬೇಕು, ಒಂದು ಹೊರಗುಳಿದರೆ ಅಲ್ಲಿಂದಲೇ ಬಿಚ್ಚುತ್ತದೆ. ಒಮ್ಮೆ ಪ್ರದಕ್ಷಿಣೆಯಾಗಿ ತಿರುಗಿಸಿದರೂ ಚೌಕ ಸೊಟ್ಟಗಾಗುತ್ತದೆ, ಅಲ್ಲಿಯವರೆಗೆ ಬಿಚ್ಚಿ ಮತ್ತೆ ಹೆಣೆಯುವುದೇ ಮೇಲು.

ಕೊನೆಯ ಕಡ್ಡಿಯ ತುದಿಗಳನ್ನು ಪಕ್ಕದ ಮಡಿಕೆಯೊಳಗೆ ತೂರಿಸಿ ಎಳೆಯಿರಿ. ನಾಲ್ಕೂ ತೋಳಿಗೆ ರಬ್ಬರ್ ಬ್ಯಾಂಡ್ ಹಾಕಿ, ವಾರ ಬಿಟ್ಟು ಒಂದೊಂದೇ ಕಡ್ಡಿಯನ್ನು ಹೊರಕ್ಕೆಳೆದು ಬಿಗಿ ಮಾಡಿ. ದಾರ ಕಟ್ಟುವುದು, ತುದಿ ಕತ್ತರಿಸುವುದು ಅದಾದ ಮೇಲೆಯೇ. ಮೊದಲೇ ಕತ್ತರಿಸಿದರೆ ಬಿಗಿಯುವಾಗ ತುದಿಗಳು ಮತ್ತೆ ಏರುಪೇರಾಗುತ್ತವೆ.

ಉತ್ತರ 2:
ದಿನದ ವಿಚಾರ: ಹೆಣೆಯುವುದು ಜನವರಿ 31ರ ರಾತ್ರಿ. ಹಳೆಯ ಐರಿಷ್ ಲೆಕ್ಕದಲ್ಲಿ ದಿನ ಶುರುವಾಗುವುದೇ ಮುಚ್ಚಂಜೆಗೆ, ಹಾಗಾಗಿ ಫೆಬ್ರವರಿ 1ರ ಹಬ್ಬ ಆ ಸಂಜೆಯೇ ಶುರು. ಸೋಮವಾರದ ರಜೆ 2023ರಿಂದ ಬಂದದ್ದು: ಫೆಬ್ರವರಿಯ ಮೊದಲ ಸೋಮವಾರ, 1ನೇ ತಾರೀಖು ಶುಕ್ರವಾರ ಬಿದ್ದರೆ ಅಂದೇ. ಅದು ಕಚೇರಿಗೆ ಸಂಬಂಧಿಸಿದ್ದು, ಆಚರಣೆಗಲ್ಲ.

ಸಂಪ್ರದಾಯ ನೋಡುವುದಾದರೆ ಜೊಂಡನ್ನು ಕತ್ತರಿಸಬಾರದು, ಕೀಳಬೇಕು. ಬುಡ ಹಿಡಿದು ನೇರ ಮೇಲಕ್ಕೆಳೆದರೆ ಬುಡದ ಬಿಳಿ ಭಾಗದ ಸಮೇತ ಬರುತ್ತದೆ, ಉದ್ದವೂ ಪೂರ್ತಿ ಸಿಗುತ್ತದೆ. ಅದೇ ರಾತ್ರಿ 'ಬ್ರಾತ್ ಬ್ರೀಜ್' ಎನ್ನುವ ಬಟ್ಟೆಯ ತುಂಡನ್ನು ಮನೆಯ ಹೊರಗೆ ಇಡುತ್ತಾರೆ. ಬ್ರಿಜಿಡ್ ಹಾದುಹೋಗುವಾಗ ಹರಸುತ್ತಾಳೆಂಬ ನಂಬಿಕೆ, ತಲೆನೋವಿಗೆ ಅದನ್ನು ತಲೆಗೆ ಕಟ್ಟುತ್ತಿದ್ದರು. ಬಟ್ಟೆಗೆ ಕಲ್ಲು ಹೇರಲು ಮರೆಯಬೇಡಿ, ಅಲ್ಲಿ ಆ ಹೊತ್ತಿನ ಗಾಳಿ ಜೋರು.

ದೇವತೆ ಬ್ರಿಜಿಡ್, ಕಿಲ್ಡೇರಿನ ಸಂತ ಬ್ರಿಜಿಡ್ ಇಬ್ಬರ ಆಚರಣೆಯೂ ಇಲ್ಲಿ ಹಾಲು ನೀರಿನಂತೆ ಬೆರೆತಿದೆ. ಇದು ಕ್ರೈಸ್ತರದ್ದು, ಅದು ಅವರಿಗಿಂತ ಹಿಂದಿನದು ಎಂದು ಗೆರೆ ಎಳೆಯಲು ಹೋಗಬೇಡಿ.

ಉತ್ತರ 3:
ಮೆಲ್ಬರ್ನ್ ಕಡೆಯ ಕನ್ನಡಿಗರಿಗೆ: ದಕ್ಷಿಣಾರ್ಧಗೋಳದಲ್ಲಿ ಪೇಗನ್ ಪಂಥದ (ಕ್ರೈಸ್ತಧರ್ಮಕ್ಕಿಂತ ಹಿಂದಿನ ಆಚರಣೆಗಳನ್ನು ಪಾಲಿಸುವ) ಹಲವರು ಋತು ನೋಡಿ ಇಂಬೋಲ್ಕನ್ನು ಆಗಸ್ಟ್ 1ಕ್ಕೆ ಮಾಡುತ್ತಾರೆ. ಫೆಬ್ರವರಿಯಲ್ಲಿ ಅಲ್ಲಿ ಸುಡುಬೇಸಿಗೆ.

ಜೊಂಡು ಸಿಗದಿದ್ದರೆ ಗೋಧಿಹುಲ್ಲು ಆಗುತ್ತದೆ, ಆದರೆ ಒಳಗೆ ಟೊಳ್ಳು. ಬೆಚ್ಚಗಿನ ನೀರಿನಲ್ಲಿ ನೆನೆಸಿಕೊಳ್ಳಿ. ಮಡಿಸುವ ಜಾಗವನ್ನು ಉಗುರಿನಿಂದ ಚಪ್ಪಟೆ ಮಾಡದೆ ಬಗ್ಗಿಸಿದರೆ ಸೀಳುತ್ತದೆ. ಪ್ಲಾಸ್ಟಿಕ್ ಸ್ಟ್ರಾ ಬೇಡ, ಜಾರುತ್ತದೆ.

ಪ್ರಶ್ನೆ ಕೇಳಿದವರು:
ಒಣಗಿದ ಮೇಲೆ ಹಸಿರು ಹೋಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಅದು ಕೆಟ್ಟ ಲಕ್ಷಣವೇ?

ಉತ್ತರ 1:
ಅಲ್ಲ, ಹಾಗೇ ಆಗಬೇಕು. ಕಪ್ಪು ಚುಕ್ಕೆ ಬಂದರೆ ಮಾತ್ರ ಬೂಷ್ಟು. ಒಣಗುವ ವಾರವಿಡೀ ಗೋಡೆಗೆ ಒತ್ತಿ ಇಡದೆ ದಾರದಲ್ಲಿ ತೂಗುಹಾಕಿ, ಆಮೇಲೆ ಬಾಗಿಲ ಮೇಲೆ ಮೊಳೆಗೆ ಸಿಕ್ಕಿಸಿ.