ಅಪ್‌ಡೇಟ್: ಅಮ್ಮನ ವಸಡಿನ ರಕ್ತ, ಕ್ಲೀನಿಂಗ್ ಆದ ಮೇಲೆ

ಅಮ್ಮನಿಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರುತ್ತದೆ, ಶುಗರ್ ಬೇರೆ ಇದೆ, ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ವಸಡಿನ ಡಾಕ್ಟರ್ ಹತ್ತಿರ ಹೋದೆವು. ಗೆರೆ ಹಾಕಿದ ತೆಳು ಕಡ್ಡಿಯೊಂದನ್ನು ಹಲ್ಲಿಗೂ ವಸಡಿಗೂ ನಡುವೆ ಮೆಲ್ಲಗೆ ಇಳಿಸಿ, ಒಂದೊಂದೇ ಹಲ್ಲಿನ ಸುತ್ತ ಆಳ ಅಳೆದರು. 3 ಮಿ.ಮೀ. ತನಕ ತೊಂದರೆ ಇಲ್ಲ. ಅಮ್ಮನ ದವಡೆ ಹಲ್ಲುಗಳ ಹತ್ತಿರ 5, 6 ಬಂತು. ಎಕ್ಸ್‌ರೇಯಲ್ಲಿ ಮೂಳೆಯೂ ಸ್ವಲ್ಪ ಕರಗಿತ್ತು. ಅದು ತಾನಾಗಿ ಮತ್ತೆ ಬೆಳೆಯುವುದಿಲ್ಲ, ಇನ್ನಷ್ಟು ಕರಗದಂತೆ ತಡೆಯಬಹುದು ಅಷ್ಟೇ.

ಮರಗಟ್ಟುವ ಇಂಜೆಕ್ಷನ್ ಕೊಟ್ಟು ವಸಡಿನ ಕೆಳಗೆ ಗಟ್ಟಿಯಾಗಿದ್ದ ಪಾಚಿ ತೆಗೆದರು. ಸಡಿಲ ಆಗುವ ಮಾತು ಸುಮ್ನೆ ಹುಟ್ಟಿದ್ದಲ್ಲ. ಪಾಚಿ ಹೋಗಿ ಊತ ಇಳಿದಾಗ ಮುಚ್ಚಿದ್ದ ಸಂದುಗಳು ಕಾಣಿಸುತ್ತವೆ, ತಣ್ಣೀರು ಜುಮ್ ಅನ್ನುತ್ತದೆ. ಅಮ್ಮನಿಗೂ ಹಾಗೇ ಆಯಿತು, ಈಗ ಕಡಿಮೆ. ಹಲ್ಲನ್ನು ಅಲ್ಲಾಡಿಸುವುದು ಕಾಯಿಲೆ, ಕ್ಲೀನಿಂಗ್ ಅಲ್ಲ.

ಶುಗರ್ ಜಾಸ್ತಿ ಇದ್ದರೆ ವಸಡು ಬೇಗ ವಾಸಿಯಾಗುವುದಿಲ್ಲ. ವಸಡಲ್ಲಿ ಸೋಂಕಿದ್ದರೆ ಶುಗರ್ ಕೂಡ ಹತೋಟಿಗೆ ಬರುವುದು ಕಷ್ಟವಂತೆ. ಹಾಗಾಗಿ ಎರಡನ್ನೂ ಒಟ್ಟಿಗೇ ನೋಡಬೇಕು.

ಈಗ ರಾತ್ರಿಯೂ ಮೆತ್ತನೆ ಬ್ರಷ್‌ನಲ್ಲಿ ಉಜ್ಜುತ್ತಾರೆ, ಸಂದುಗಳಿಗೆ ಬಾಟಲಿ ತೊಳೆಯುವ ಬ್ರಷ್‌ನ ಮರಿಯಂಥದ್ದೊಂದು ಪುಟ್ಟ ಬ್ರಷ್ ಇದೆ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಸ್ವಲ್ಪ ದಿನಕ್ಕೆ ಮಾತ್ರ, ಜಾಸ್ತಿ ಬಳಸಿದರೆ ಹಲ್ಲಿಗೆ ಕಂದು ಕಲೆ. ಇದ್ದಿಲು ಪುಡಿ ಬಿಡಿಸಿದ್ದೇವೆ. ಎಲೆ ಅಡಿಕೆ ಜೊತೆಗಿನ ಹೊಗೆಸೊಪ್ಪು ಬಿಡಿಸುವ ಜಗಳ ಮಾತ್ರ ನಡೆಯುತ್ತಲೇ ಇದೆ.

ರಕ್ತ ಬಹುತೇಕ ನಿಂತಿದೆ. 3 ತಿಂಗಳಿಗೆ ಮತ್ತೆ ಆಳ ಅಳೆಯುತ್ತಾರೆ.