‘ಹರಿಕಾರ’ ಎಂಬ ಪದ ಪೀಠಿಕೆಯಲ್ಲಿ ಇರಬೇಕೆ? ದೇವರಾಜ ಅರಸು ಅವರ ಬಗೆಗಿನ ವಿಕಿಪೀಡಿಯ ಕರಡಿನ ಕುರಿತು

ಪ್ರಶ್ನೆ (ಕುವೆಂಪುನಗರ, ಮೈಸೂರು)

ಎಲ್ಲರಿಗೂ ನಮಸ್ಕಾರ. ಡಿ. ದೇವರಾಜ ಅರಸು ಅವರ ಬಗ್ಗೆ ಕನ್ನಡ ವಿಕಿಪೀಡಿಯಕ್ಕೆ ಕೊಡಬೇಕೆಂದು ನಾನು ಮತ್ತು ನನ್ನ ಸಹೋದ್ಯೋಗಿ ನನ್ನ ಪ್ರಯೋಗಪುಟದಲ್ಲಿ (ಪ್ರಕಟಿಸುವ ಮೊದಲು ಬರೆದು ನೋಡುವ ಪುಟ) ಒಂದು ಕರಡನ್ನು ಬರೆಯುತ್ತಿದ್ದೇವೆ. ಎರಡು ವಾರ ಕಳೆದರೂ ಮೊದಲ ವಾಕ್ಯವನ್ನು ದಾಟಲು ನಮಗೆ ಸಾಧ್ಯವಾಗಿಲ್ಲ. ಅವರು ಬರೆದದ್ದು ಹೀಗಿದೆ: “ಹಿಂದುಳಿದ ವರ್ಗಗಳ ಹರಿಕಾರ, ಬಡವರ ಬಂಧು, ಧೀಮಂತ ನಾಯಕ ಡಿ. ದೇವರಾಜ ಅರಸುರವರು ಕರ್ನಾಟಕ ಕಂಡ ಅಪ್ರತಿಮ ಮುಖ್ಯಮಂತ್ರಿಗಳು.” ನಾನು ಅದನ್ನು ಹೀಗೆ ತಿದ್ದಿದೆ: “ಡಿ. ದೇವರಾಜ ಅರಸು (1915–1982) 1972ರಿಂದ 1977ರವರೆಗೆ ಮತ್ತು 1978ರಿಂದ 1980ರವರೆಗೆ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದ ರಾಜಕಾರಣಿ.”

ಸಹೋದ್ಯೋಗಿಯವರು ಹುಣಸೂರಿನ ಕಡೆಯವರು, ಗೇಣಿ ಮಾಡಿಕೊಂಡಿದ್ದ ಮನೆತನದವರು. ನನ್ನ ವಾಕ್ಯವನ್ನು ಓದಿ, “ಇದು ಗುಮಾಸ್ತ ಸೇವಾ ಪುಸ್ತಕದಲ್ಲಿ ಬರೆದ ಹಾಗಿದೆ, ಅರಸು ಅವರು ಏನಾಗಿದ್ದರು ಎಂಬುದು ಇದರಲ್ಲಿ ಎಲ್ಲಿದೆ?” ಎಂದು ಕೇಳಿದರು. ‘ರಾಜಕಾರಣಿ’ ಎಂಬ ಮಾತಿಗೆ ಇಂದಿನ ಆಡುನುಡಿಯಲ್ಲಿ ಅಂಟಿಕೊಂಡಿರುವ ಕಹಿಯನ್ನೂ ತೋರಿಸಿಕೊಟ್ಟರು. ಅದನ್ನು ನಾನು ಒಪ್ಪಿ ಆ ಪದವನ್ನು ತೆಗೆದೆ. ಆದರೆ ‘ಹರಿಕಾರ’ದ ವಿಷಯದಲ್ಲಿ ಇಬ್ಬರೂ ಪಟ್ಟು ಸಡಿಲಿಸಿಲ್ಲ. ಇದಲ್ಲದೆ ತಟಸ್ಥ ಬರಹದಲ್ಲಿ ‘ಅವರು’ ಎಂಬ ಗೌರವಸೂಚಕ ಇರಬಹುದೇ, ಅರಸು ಅವರ ಮೇಲಿನ ಆರೋಪಗಳನ್ನು ವಿಚಾರಿಸಲು ನೇಮಕವಾದ 1977ರ ಗ್ರೋವರ್ ಆಯೋಗವನ್ನೂ 1979ರಲ್ಲಿ ಇಂದಿರಾ ಗಾಂಧಿಯವರಿಂದ ದೂರವಾದದ್ದನ್ನೂ ಯಾವ ಪದಗಳಲ್ಲಿ ಹೇಳಬೇಕು ಎಂಬ ಪ್ರಶ್ನೆಗಳೂ ಉಳಿದಿವೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 (ಮಂಡ್ಯ)

ಕೆಲವು ವರ್ಷಗಳಿಂದ ವಿಕಿಪೀಡಿಯದಲ್ಲಿ ಬರೆಯುತ್ತಾ, ಬೇರೆಯವರ ಬರಹವನ್ನು ತಿದ್ದುತ್ತಾ, ನನ್ನದನ್ನು ತಿದ್ದಿಸಿಕೊಳ್ಳುತ್ತಾ ಬಂದಿರುವುದರಿಂದ ಈ ಮಾತು ಹೇಳುತ್ತಿದ್ದೇನೆ.

ಮೊದಲು ‘ಅವರು’ ಎಂಬುದನ್ನು ಬದಿಗಿಡೋಣ, ಏಕೆಂದರೆ ಅದು ನಿಜವಾಗಿ ವಿವಾದವೇ ಅಲ್ಲ. ಕನ್ನಡದಲ್ಲಿ ದೊಡ್ಡವರೊಬ್ಬರ ಬಗ್ಗೆ ‘ಹುಟ್ಟಿದನು’, ‘ಆಳಿದನು’ ಎಂದು ಬರೆದರೆ ಅದು ತಟಸ್ಥವಾಗುವುದಿಲ್ಲ, ಅಗೌರವವಾಗುತ್ತದೆ. ‘ಹುಟ್ಟಿದರು’ ಎಂಬುದೇ ನಮ್ಮ ಭಾಷೆಯಲ್ಲಿ ಸಹಜವಾದ ರೂಪ. ಎಲ್ಲ ಪಕ್ಷಗಳ ನಾಯಕರಿಗೂ ಅದೇ ರೂಪವನ್ನು ಬಳಸಿದರೆ ಸಾಕು. ‘ಮುಖ್ಯಮಂತ್ರಿಗಳು’, ‘ಸನ್ಮಾನ್ಯ’, ‘ಶ್ರೀಯುತ’ ಎಂಬವು ಮಾತ್ರ ವೇದಿಕೆಯ ಭಾಷೆ, ಅವು ಬೇಡ.

‘ಹರಿಕಾರ’ದ ವಿಷಯಕ್ಕೆ ಬರುತ್ತೇನೆ. ಮೂಲದಲ್ಲಿ ಆ ಪದಕ್ಕೆ ಸುದ್ದಿ ಒಯ್ಯುವ ಓಲೆಕಾರ ಎಂಬ ಅರ್ಥವಿತ್ತು. ಪತ್ರಿಕೆಗಳೂ ಭಾಷಣಗಳೂ ಅದನ್ನು ಬಳಸಿ ಬಳಸಿ ಇಂದು ‘ಹೊಸದಾರಿ ತೆರೆದವರು’ ಎಂಬ ಹೊಗಳಿಕೆಯಾಗಿ ನಿಂತಿದೆ. ವಿಶ್ವಕೋಶವು ತನ್ನದೇ ದನಿಯಲ್ಲಿ ಹೊಗಳಬಾರದು, ತೆಗಳಬಾರದು. ಹೊಗಳಿದವರು ಯಾರು, ಎಲ್ಲಿ ಹೊಗಳಿದರು ಎಂಬುದನ್ನು ಉಲ್ಲೇಖದೊಂದಿಗೆ ಹೇಳಬಹುದು. ಆದ್ದರಿಂದ ಆ ಪದವನ್ನು ಪೂರ್ತಿ ಕೈಬಿಡಬೇಕಾಗಿಲ್ಲ. ಲೇಖನದ ಕೊನೆಯ ಭಾಗದಲ್ಲಿ, ಅರಸು ಅವರ ಆಡಳಿತವನ್ನು ನಂತರದವರು ಹೇಗೆ ಕಂಡರು ಎಂದು ಬರೆಯುವಾಗ, ಹೇಳಿದವರ ಹೆಸರಿನ ಜೊತೆಗೆ ಅದಕ್ಕೆ ಸ್ಥಳವಿದೆ. ನಾನು ಒಂದು ಪರೀಕ್ಷೆ ಮಾಡುತ್ತೇನೆ: ವಾಕ್ಯದಲ್ಲಿರುವ ಹೆಸರನ್ನು ತೆಗೆದು, ನನಗೆ ಒಪ್ಪಿಗೆಯಿಲ್ಲದ ಒಬ್ಬ ನಾಯಕರ ಹೆಸರನ್ನು ಅಲ್ಲಿಟ್ಟು ಓದುತ್ತೇನೆ. ‘ಧೀಮಂತ’, ‘ಅಪ್ರತಿಮ’ ಎಂಬವು ಆಗ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಇಸವಿ, ಹುದ್ದೆ, ಕಾಯ್ದೆ ಸಿಕ್ಕಿಕೊಳ್ಳುವುದಿಲ್ಲ.

ನಮ್ಮ ಜಿಲ್ಲೆಯ ಸೋಮನಹಳ್ಳಿಯವರಾದ ಎಸ್. ಎಂ. ಕೃಷ್ಣ ಅವರು 2017ರಲ್ಲಿ ಕಾಂಗ್ರೆಸ್ ಬಿಟ್ಟು ಭಾರತೀಯ ಜನತಾ ಪಕ್ಷವನ್ನು ಸೇರಿದ್ದನ್ನೇ ನೋಡಿ. ‘ಪಕ್ಷಾಂತರ ಮಾಡಿದರು’ ಎಂದರೆ ಒಂದು ತೀರ್ಪು ಬಂದುಬಿಡುತ್ತದೆ, ‘ರಾಷ್ಟ್ರಹಿತಕ್ಕಾಗಿ ಸೇರಿದರು’ ಎಂದರೆ ಇನ್ನೊಂದು ತೀರ್ಪು ಬರುತ್ತದೆ. ‘ಬಿಟ್ಟರು, ಸೇರಿದರು’ ಎಂಬ ಎರಡು ಸಣ್ಣ ಕ್ರಿಯಾಪದಗಳು ನಡೆದದ್ದನ್ನು ನಡೆದಷ್ಟೇ ಹೇಳುತ್ತವೆ.

ನಿಮ್ಮ ವಾಕ್ಯದಲ್ಲಿಯೂ ಒಂದು ತಪ್ಪಿದೆ. ಅರಸು ಅವರು 1972ರಲ್ಲಿ ಮುಖ್ಯಮಂತ್ರಿಯಾದಾಗ ಇದು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಅವರ ಕಾಲದಲ್ಲಿಯೇ.

ಲೇಖನ ಪ್ರಕಟವಾದ ಮೇಲೆ ಯಾರಾದರೂ ‘ಹರಿಕಾರ’ವನ್ನು ಮತ್ತೆ ಸೇರಿಸಿದರೆ, ಕೂಡಲೇ ಅಳಿಸುತ್ತಾ ಕೂರಬೇಡಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಸಲ ಬೇರೆಯವರ ತಿದ್ದುಪಡಿಯನ್ನು ರದ್ದುಮಾಡಿದವರನ್ನು ತಡೆಹಿಡಿಯುವ ನಿಯಮವಿದೆ. ಲೇಖನದ ಚರ್ಚೆಪುಟದಲ್ಲಿ ಕಾರಣ ಬರೆಯಿರಿ. ಅಲ್ಲಿ ತೀರದಿದ್ದರೆ ಕನ್ನಡ ವಿಕಿಪೀಡಿಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿ ಕಟ್ಟೆಗೆ ತನ್ನಿ. ಅಲ್ಲಿ ತಲೆ ಎಣಿಸಿ ಮತ ಹಾಕುವುದಿಲ್ಲ, ಆಧಾರ ಯಾರದು ಗಟ್ಟಿ ಎಂಬುದನ್ನು ತೂಗುತ್ತಾರೆ.

ಉತ್ತರ 2 (ಸರಸ್ವತಿಪುರಂ, ಮೈಸೂರು)

ನಿಮ್ಮ ಸಹೋದ್ಯೋಗಿಯವರ ಮನಸ್ಸು ನನಗೆ ಅರ್ಥವಾಗುತ್ತದೆ. ನಮ್ಮ ತಾತನೂ ಗೇಣಿದಾರರಾಗಿದ್ದರು. ಭೂ ನ್ಯಾಯ ಮಂಡಳಿಗೆ ಅವರು ಕೊಟ್ಟ 7ನೇ ನಮೂನೆಯ ಅರ್ಜಿಯ ಪ್ರತಿ ಇಂದಿಗೂ ನಮ್ಮ ಮನೆಯ ತಗಡಿನ ಟ್ರಂಕಿನಲ್ಲಿ, ಅಜ್ಜಿಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಇದೆ. ಕಾಗದ ಹಳದಿಯಾಗಿ ಮಡಿಕೆಗಳಲ್ಲಿ ಬಿರುಕು ಬಿಟ್ಟಿದೆ, ಸಹಿಯ ಜಾಗದಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿದೆ. ಶಾಯಿ ಹೆಚ್ಚಾಗಿ ಗೆರೆಗಳೆಲ್ಲ ಕೂಡಿಕೊಂಡು ಒಂದು ನೀಲಿ ಬೊಟ್ಟಾಗಿಬಿಟ್ಟಿದೆ. ನಮ್ಮ ಮನೆಯಲ್ಲಿ ಅರಸು ಅವರ ಹೆಸರನ್ನು ಹೇಗೆ ಹೇಳುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾಗದದ ವಿಷಯವನ್ನು ಒಮ್ಮೆ ನಾನು ಭೂಸುಧಾರಣೆಯ ಬಗೆಗಿನ ಒಂದು ಬರಹಕ್ಕೆ ಸೇರಿಸಿದ್ದೆ. ಮಾರನೆಯ ದಿನ ಯಾರೋ ಅದನ್ನು ತೆಗೆದು, ‘ಸ್ವಂತ ಸಂಶೋಧನೆ, ಪ್ರಕಟಿತ ಆಧಾರವಿಲ್ಲ’ ಎಂದು ಕಾರಣ ಬರೆದಿದ್ದರು. ನಮ್ಮ ತಾತನನ್ನೇ ಅಳಿಸಿದ ಹಾಗೆ ನನಗೆ ಅನ್ನಿಸಿತು. ತಣ್ಣಗೆ ಯೋಚಿಸಿದಾಗ, ನಮ್ಮ ಟ್ರಂಕನ್ನು ತೆರೆದು ನೋಡಲು ಬೀದರಿನ ಓದುಗರೊಬ್ಬರಿಗೆ ದಾರಿಯಿಲ್ಲ ಎಂಬುದು ಹೊಳೆಯಿತು. ಆ ಓದುಗರು ಪರಿಶೀಲಿಸಬಹುದಾದದ್ದು ಬೇರೆ ಇದೆ: 1961ರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು, ಗೇಣಿಯಲ್ಲಿದ್ದ ಜಮೀನು ಸರ್ಕಾರಕ್ಕೆ ಸೇರಿತು, ಉಳುತ್ತಿದ್ದ ಗೇಣಿದಾರ ಅರ್ಜಿ ಹಾಕಿ ಅದರ ಅಧಿಭೋಗದ (ಅನುಭವಿಸುವ) ಹಕ್ಕನ್ನು ಪಡೆಯಬಹುದಾಯಿತು. ‘ಬಡವರ ಬಂಧು’ ಎಂಬ ಎರಡು ಪದಗಳಲ್ಲಿ ಇದು ಯಾವುದೂ ಇಲ್ಲ. ಇಂದಿನ ಮಕ್ಕಳು ದೇವರಾಜ ಅರಸು ರಸ್ತೆಯಲ್ಲಿ ಬಟ್ಟೆ ಕೊಳ್ಳಲು ಹೋಗುತ್ತಾರೆ, ಆ ಹೆಸರಿನವರು ಏನು ಮಾಡಿದರೆಂದು ಕೇಳಿದರೆ ‘ಹರಿಕಾರ’ ಎಂದು ಹೇಳಿ ಸುಮ್ಮನಾಗುತ್ತಾರೆ. ಪದ ಉಳಿದು ಕೆಲಸ ಮರೆತುಹೋಗಿದೆ ಎಂಬುದೇ ನನ್ನ ನೋವು.

ಜೊತೆಗೆ ಇನ್ನೊಂದನ್ನೂ ಬರೆಯಬೇಕು. ಕಾಯ್ದೆಯ ಮುಖ್ಯ ಲಾಭ ಸಿಕ್ಕಿದ್ದು ಗೇಣಿದಾರರಿಗೆ. ಗೇಣಿಯೂ ಇಲ್ಲದೆ ಕೂಲಿಯನ್ನೇ ನಂಬಿದ್ದ ಭೂಹೀನರಿಗೆ ಅದು ಅಷ್ಟಾಗಿ ತಲುಪಲಿಲ್ಲ. ಈ ಟೀಕೆಗೂ ಆಧಾರ ಹುಡುಕಿ ಸ್ಥಳ ಕೊಟ್ಟರೆ ಲೇಖನವನ್ನು ಓದುಗರು ನಂಬುತ್ತಾರೆ.

ಉತ್ತರ 3 (ಮೈಸೂರು)

ಪತ್ರಿಕೆಯೊಂದರಲ್ಲಿ ಬಹಳ ವರ್ಷ ಕರಡು ತಿದ್ದಿದವನು ನಾನು. ಆಯೋಗದ ಮತ್ತು 1979ರ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

ಆರೋಪ, ವಿಚಾರಣೆ, ದೋಷಾರೋಪ ಪಟ್ಟಿ, ತೀರ್ಪು ಎಂಬವು ನಾಲ್ಕು ಬೇರೆ ಬೇರೆ ಮೆಟ್ಟಿಲುಗಳು. ಆರೋಪಿಯನ್ನು ಅಪರಾಧಿ ಎಂದು ಬರೆದರೆ ನಾವು ಎರಡು ಮೆಟ್ಟಿಲು ಹಾರಿದಂತೆ. ವಿಚಾರಣಾ ಆಯೋಗ ನ್ಯಾಯಾಲಯವಲ್ಲ. ಅದು ವರದಿ ಕೊಡುತ್ತದೆ, ಶಿಕ್ಷೆ ಕೊಡುವುದಿಲ್ಲ. ಆದ್ದರಿಂದ ‘ಹಗರಣ’ವೂ ಬೇಡ, ‘ರಾಜಕೀಯ ಪಿತೂರಿ’ಯೂ ಬೇಡ. ಹೀಗೆ ಬರೆಯಬಹುದು: “ಅರಸು ಅವರ ಮತ್ತು ಅವರ ಸರ್ಕಾರದ ಮೇಲಿನ ಆರೋಪಗಳ ವಿಚಾರಣೆಗೆ ಕೇಂದ್ರ ಸರ್ಕಾರವು 1977ರಲ್ಲಿ ನ್ಯಾಯಮೂರ್ತಿ ಎ. ಎನ್. ಗ್ರೋವರ್ ಆಯೋಗವನ್ನು ನೇಮಿಸಿತು. ಇದನ್ನು ಪ್ರಶ್ನಿಸಿ ರಾಜ್ಯ ಸರ್ಕಾರ ಹೂಡಿದ ದಾವೆಯನ್ನು ಸುಪ್ರೀಂ ಕೋರ್ಟ್ ಅದೇ ವರ್ಷ ತಳ್ಳಿಹಾಕಿತು.” ಆಯೋಗ ಕಂಡುಕೊಂಡದ್ದನ್ನು ವರದಿಯನ್ನೇ ಓದಿ, ಪುಟಸಂಖ್ಯೆಯೊಂದಿಗೆ ಬರೆಯಿರಿ. ‘ಎನ್ನಲಾಗಿದೆ’, ‘ಹೇಳಲಾಗುತ್ತದೆ’ ಎಂಬ ಕ್ರಿಯಾಪದಗಳನ್ನು ದಯವಿಟ್ಟು ದೂರವಿಡಿ. ಅಂದವರು ಯಾರು, ಹೇಳಿದವರು ಯಾರು ಎಂಬುದನ್ನು ಮರೆಮಾಡಲೆಂದೇ ನಮ್ಮ ಸುದ್ದಿಮನೆಗಳು ಅವನ್ನು ಬೆಳೆಸಿದವು. ಅವುಗಳ ಮರೆಯಲ್ಲಿ ಎಷ್ಟೋ ಜನರ ಮಾನ ಹೋಗಿರುವುದನ್ನು ಕಂಡಿದ್ದೇನೆ.

ಬದುಕಿರುವವರ ಬಗ್ಗೆ ಬರೆಯುವಾಗ ಈ ಎಚ್ಚರ ಇಮ್ಮಡಿಯಾಗಿರಬೇಕು. 2005ರಲ್ಲಿ ಅಮೆರಿಕದ ಪತ್ರಕರ್ತ ಜಾನ್ ಸೀಗೆಂಥಾಲರ್ ಅವರ ಹೆಸರನ್ನು ಕೆನಡಿ ಸೋದರರ ಹತ್ಯೆಗೆ ತಳುಕುಹಾಕಿದ ಸುಳ್ಳೊಂದು ಇಂಗ್ಲಿಷ್ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು ತಿಂಗಳು ಯಾರ ಕಣ್ಣಿಗೂ ಬೀಳದೆ ಉಳಿದಿತ್ತು. ಜೀವಂತ ವ್ಯಕ್ತಿಗಳ ಬಗ್ಗೆ ಆಧಾರವಿಲ್ಲದ ಆಕ್ಷೇಪಾರ್ಹ ಮಾತನ್ನು ಚರ್ಚೆಗೂ ಕಾಯದೆ ತೆಗೆಯಬೇಕೆಂಬ ಕಟ್ಟುನಿಟ್ಟಿನ ನೀತಿ ಅದಾದ ಮೇಲೆ ರೂಪುಗೊಂಡಿತು.

1979ರಲ್ಲಿ ಇಂದಿರಾ ಗಾಂಧಿಯವರ ಕಾಂಗ್ರೆಸ್ಸಿನಿಂದ ಅರಸು ಹೊರಬಂದದ್ದಕ್ಕೆ ‘ತೊರೆದರು’ ಎಂಬ ಪದ ಸರಿಯಲ್ಲ, ‘ಉಚ್ಚಾಟಿತರಾದರು’ ಎಂಬುದೇ ಸರಿ. ‘ತೊರೆದರು’ ಎಂದಾಗ ಹೆಜ್ಜೆ ಇಟ್ಟವರು ಅರಸು ಆಗುತ್ತಾರೆ, ‘ಉಚ್ಚಾಟಿಸಿತು’ ಎಂದಾಗ ಪಕ್ಷವಾಗುತ್ತದೆ. ಅಂದಿನ ಪತ್ರಿಕೆಯೊಂದನ್ನು ಆಧಾರವಾಗಿ ಕೊಡಿ.

ಪ್ರಶ್ನೆ ಕೇಳಿದವರ ಮರುಉತ್ತರ

ಎಲ್ಲರಿಗೂ ಕೃತಜ್ಞತೆಗಳು. ಮೇಡಂ, ನಿಮ್ಮ ತಾತನವರ ಅರ್ಜಿಯ ವಿಷಯವನ್ನು ಸಹೋದ್ಯೋಗಿಯವರಿಗೆ ಓದಿ ಹೇಳಿದೆ; ಅವರು ಸ್ವಲ್ಪ ಹೊತ್ತು ಏನನ್ನೂ ಮಾತನಾಡಲಿಲ್ಲ. ಆಮೇಲೆ ಅವರೇ ಕೀಲಿಮಣೆಯನ್ನು ಎಳೆದುಕೊಂಡು ಹೀಗೆ ಬರೆದರು:

“ಡಿ. ದೇವರಾಜ ಅರಸು (20 ಆಗಸ್ಟ್ 1915 – 6 ಜೂನ್ 1982) ಅವರು 1972ರಿಂದ 1977ರವರೆಗೆ ಮತ್ತು 1978ರಿಂದ 1980ರವರೆಗೆ ಕರ್ನಾಟಕದ (1973ರ ಅಕ್ಟೋಬರ್ ಅಂತ್ಯದವರೆಗೆ ಮೈಸೂರು ರಾಜ್ಯದ) ಮುಖ್ಯಮಂತ್ರಿಯಾಗಿದ್ದರು. ಅವರ ಆಡಳಿತದಲ್ಲಿ ಗೇಣಿ ಪದ್ಧತಿಯನ್ನು ಕೊನೆಗೊಳಿಸಿದ ಭೂಸುಧಾರಣಾ ತಿದ್ದುಪಡಿ 1974ರಲ್ಲಿ ಜಾರಿಗೆ ಬಂತು. 1972ರಲ್ಲಿ ನೇಮಕವಾದ ಎಲ್. ಜಿ. ಹಾವನೂರು ನೇತೃತ್ವದ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ವರದಿ ನೀಡಿತು.”

‘ಹರಿಕಾರ’ವನ್ನು ಕೊನೆಯ ಭಾಗಕ್ಕೆ ಸರಿಸಲು ಒಪ್ಪಿದ್ದಾರೆ, ಆದರೆ ಹೇಳಿದವರ ಹೆಸರು ಸಿಗುವವರೆಗೆ ಅದನ್ನು ಅಳಿಸದೆ ‘ಉಲ್ಲೇಖ ಬೇಕು’ ಎಂಬ ಗುರುತಿನೊಂದಿಗೆ ಪ್ರಯೋಗಪುಟದಲ್ಲಿಯೇ ಇಡಬೇಕೆಂದು ಕೇಳಿದ್ದಾರೆ. ಇಟ್ಟಿದ್ದೇನೆ. ಶನಿವಾರ ಇಬ್ಬರೂ ಮಾನಸಗಂಗೋತ್ರಿಯ ಗ್ರಂಥಾಲಯಕ್ಕೆ ಹೋಗಿ 1979ರ ಹಳೆಯ ಪತ್ರಿಕೆಗಳು ಸಿಗುತ್ತವೆಯೇ ಎಂದು ವಿಚಾರಿಸುತ್ತೇವೆ.